ಮತೇಯ್ ವಿಶ್ನಿಯೆಕ್ ಅವರ ಎರಡು ಪುಸ್ತಕ: ನಾಟಕ ಆಡುವವರ ಕಪಾಟಿನಲ್ಲಿ ಇರಬೇಕಾದವು

ಎರಡರಲ್ಲಿ ಒಂದೇ ಪುಸ್ತಕ ಕೊಳ್ಳುವಷ್ಟು ದುಡ್ಡಿದ್ದರೆ ನಾಟಕಗಳ ಸಂಪುಟ ಕೊಳ್ಳಿ. ಕಾದಂಬರಿಯನ್ನು ಆಮೇಲೆ ನೋಡಿಕೊಳ್ಳಬಹುದು. ತೀರ್ಪನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಗೆಳೆಯರು ಕೇಳುತ್ತಿರುವುದು ಅಷ್ಟೇ: ಯಾವುದು ತಗೊಳ್ಳಲಿ? ಉಳಿದ ಮಾತು, ಯಾಕೆ ಎಂದು ಕೇಳುವವರಿಗೆ.

ಸಂಪುಟದ ಹೆಸರು ಉದ್ದ: 'ಹೌ ಟು ಎಕ್ಸ್‌ಪ್ಲೇನ್ ದ ಹಿಸ್ಟರಿ ಆಫ್ ಕಮ್ಯುನಿಸಂ ಟು ಮೆಂಟಲ್ ಪೇಷಂಟ್ಸ್ ಅಂಡ್ ಅದರ್ ಪ್ಲೇಸ್'. 2015ರಲ್ಲಿ ಬಂದದ್ದು. ಸಂಪಾದಕಿ ಯೊಜೆಫಿನಾ ಕೊಂಪೊರಾಲಿ. ಕಾದಂಬರಿ 'ಮಿಸ್ಟರ್ ಕೆ ರಿಲೀಸ್ಡ್', 2020ರದ್ದು, ಕೊಂಪೊರಾಲಿ ಅವರದೇ ಅನುವಾದ. ಬರೆದವರು ಮತೇಯ್ ವಿಶ್ನಿಯೆಕ್. ರುಮೇನಿಯಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆ ನಿಂತ ಕವಿ, ನಾಟಕಕಾರ.

ಎರಡನ್ನೂ ಪ್ರಕಟಿಸಿದ್ದು ಕೋಲ್ಕತ್ತದ ಸೀಗಲ್ ಬುಕ್ಸ್. ರಂಗಭೂಮಿಯವರಿಗೆ ಈ ಹೆಸರು ಹೊಸದಲ್ಲ. ನಾಟಕಗಳಿಗೆ ಬೆಳಕಿನ ವಿನ್ಯಾಸ ಮಾಡುತ್ತಿದ್ದ ನವೀನ್ ಕಿಶೋರ್ 1982ರಲ್ಲಿ ಇದನ್ನು ಶುರು ಮಾಡಿದರು. ನಮ್ಮ ಕಂಬಾರರ 'ಜೋಕುಮಾರಸ್ವಾಮಿ' ರಾಜೀವ ತಾರಾನಾಥರ ಅನುವಾದದಲ್ಲಿ ಇಂಗ್ಲಿಷಿಗೆ ಹೋದದ್ದು ಇದೇ ಪ್ರಕಾಶನದಿಂದ. ಯುರೋಪಿನ ಒಬ್ಬ ನಾಟಕಕಾರನನ್ನು ಇಂಗ್ಲಿಷ್ ಓದುಗರಿಗೆ ಕೋಲ್ಕತ್ತದ ಒಂದು ಪ್ರಕಾಶನ ತಲುಪಿಸುತ್ತಿದೆ ಎನ್ನುವುದು ನನಗೆ ಹೆಮ್ಮೆಯ ವಿಷಯ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಸಾಗರದ ಕಡೆ ಒಂದು ಸಣ್ಣ ಹವ್ಯಾಸಿ ತಂಡದಲ್ಲಿ ನಾಟಕ ಓದುತ್ತೇವೆ, ಆಗಾಗ ಆಡುತ್ತೇವೆ. ಹಾಗಾಗಿ ನನ್ನ ಓದು ಎರಡು ಕಡೆಯಿಂದ. ಇತಿಹಾಸವನ್ನು ಈ ಮನುಷ್ಯ ಹೇಗೆ ಹೇಳುತ್ತಾನೆ ಎಂದು ನೋಡುತ್ತೇನೆ. ನಮ್ಮಂಥವರ ಕೈಲಿ ಆಡಲು ಆಗುತ್ತದಾ ಎಂದೂ ನೋಡುತ್ತೇನೆ. ವಿಶ್ನಿಯೆಕ್ ಕೂಡ ಮೇಷ್ಟ್ರೇ ಆಗಿದ್ದವರು. ಬುಕಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ತತ್ತ್ವಶಾಸ್ತ್ರ ಓದಿ, ದೊರೊಬಾಂತ್ಸು ಎಂಬ ಹಳ್ಳಿಯ ಶಾಲೆಯಲ್ಲಿ ಇತಿಹಾಸ, ಭೂಗೋಳ ಪಾಠ ಮಾಡಿದರು. ನಾಟಕಗಳನ್ನು ಓದುವಾಗ ಅದು ಗೊತ್ತಾಗುತ್ತದೆ. ದೊಡ್ಡ ವಿಷಯವನ್ನು ಎದುರಿಗೆ ಕೂತವನಿಗೆ ದಾಟಿಸುವುದು ಹೇಗೆ ಎನ್ನುವ ಚಿಂತೆ ಇರುವ ಕೈ ಅದು.

ಹುಟ್ಟಿದ್ದು 1956ರಲ್ಲಿ, ರುಮೇನಿಯಾದ ಉತ್ತರ ತುದಿಯ ರದೌತ್ಸ್ ಎಂಬ ಊರಲ್ಲಿ. ಬುಕೊವಿನಾ ಪ್ರಾಂತ್ಯ. ಓದಲು ಬುಕಾರೆಸ್ಟಿಗೆ ಬಂದಾಗ ಅಲ್ಲಿ ಸೋಮವಾರದ ಸಾಹಿತ್ಯ ಕೂಟ ಎಂದು ಒಂದು ಗುಂಪಿತ್ತು. 1977ರಲ್ಲಿ ಶುರುವಾದದ್ದು. ವಿಮರ್ಶಕ ನಿಕೊಲಾಯೆ ಮನೊಲೆಸ್ಕು ನಡೆಸುತ್ತಿದ್ದರು. ಮುಂದೆ ದೊಡ್ಡ ಕಾದಂಬರಿಕಾರನಾದ ಮಿರ್ಚಾ ಕರ್ತರೆಸ್ಕು ಕೂಡ ಆ ಗುಂಪಿನ ಹುಡುಗನೇ. ಬರೆದದ್ದನ್ನು ಓದುವುದು, ಬೈಸಿಕೊಳ್ಳುವುದು, ಮತ್ತೆ ಬರೆಯುವುದು. 1983ರಲ್ಲಿ ಅಧಿಕಾರಿಗಳು ಅದನ್ನು ಮುಚ್ಚಿಸಿದರು.

ವಿಶ್ನಿಯೆಕ್ ಮೊದಲು ಕವಿ. 1980ರಲ್ಲಿ ಮೊದಲ ಸಂಕಲನ, ಹೆಸರಿನ ಅರ್ಥ 'ಇವತ್ತು ರಾತ್ರಿ ಹಿಮ ಬೀಳುತ್ತದೆ'. 1982ರಲ್ಲಿ 'ಒಬ್ಬನೇ ವಾಸಿಸುವ ಊರು'. 1984ರಲ್ಲಿ 'ಚಹಾ ಹೊತ್ತಿನ ಜ್ಞಾನಿ'. ಈ ಮೂರನೆಯದಕ್ಕೆ ಲೇಖಕರ ಒಕ್ಕೂಟದ ಬಹುಮಾನವೂ ಬಂತು. ಅದೇ ವರ್ಷಗಳಲ್ಲಿ ನಾಟಕಗಳನ್ನೂ ಬರೆಯುತ್ತಿದ್ದರು. ಕವಿತೆ ಅಚ್ಚಾಗುತ್ತಿತ್ತು, ನಾಟಕ ರಂಗಕ್ಕೆ ಏರುತ್ತಿರಲಿಲ್ಲ. ಇದನ್ನು ನಾನು ತುಂಬ ಹೊತ್ತು ಯೋಚಿಸಿದ್ದೇನೆ. ಕವಿತೆಯನ್ನು ಒಬ್ಬ ಮನೆಯಲ್ಲಿ ಕೂತು ಓದುತ್ತಾನೆ. ಅರ್ಥವಾದರೆ ಒಳಗೇ ಇಟ್ಟುಕೊಳ್ಳುತ್ತಾನೆ. ನಾಟಕದಲ್ಲಿ ಮುನ್ನೂರು ಜನ ಒಟ್ಟಿಗೆ ಕೂರುತ್ತಾರೆ. ಒಂದು ಮಾತಿಗೆ ಎಲ್ಲರೂ ಒಂದೇ ಸಲ ನಕ್ಕರೆ, ಪಕ್ಕದವನಿಗೂ ನನ್ನ ಹಾಗೇ ಅನ್ನಿಸುತ್ತಿದೆ ಎಂದು ಪ್ರತಿಯೊಬ್ಬನಿಗೂ ತಿಳಿದುಬಿಡುತ್ತದೆ. ಸರ್ವಾಧಿಕಾರಿಗೆ ಭಯ ಇರುವುದು ಆ ನಗುವಿನ ಮೇಲೆ.

ಆ ದಿನಗಳ ರುಮೇನಿಯಾ ಹೇಗಿತ್ತು ಎಂದು ತಿಳಿದರೆ ಈ ನಾಟಕಗಳು ಬೇರೆ ಥರ ಕೇಳಿಸುತ್ತವೆ. ಆಗಿನ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ವಿದೇಶಿ ಸಾಲ ತೀರಿಸಲು ಹಠ ಹಿಡಿದಿದ್ದ. ಬೆಳೆದ ಆಹಾರ ರಫ್ತಾಗುತ್ತಿತ್ತು, ಜನ ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದರು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದಕ್ಕೂ ಕಡಿತ. 1983ರ ಆಜ್ಞೆಯ ಪ್ರಕಾರ ಟೈಪ್‌ರೈಟರ್ ಇದ್ದವರು ಪೊಲೀಸರಲ್ಲಿ ನೋಂದಾಯಿಸಬೇಕು, ಅಕ್ಷರದ ಮಾದರಿ ಕೊಡಬೇಕು. ಯಾವ ಕರಪತ್ರ ಯಾವ ಯಂತ್ರದಿಂದ ಬಂತು ಎಂದು ಪತ್ತೆ ಹಚ್ಚಲಿಕ್ಕೆ. 1985ರಿಂದ ಟೀವಿ ವಾರದ ದಿನಗಳಲ್ಲಿ ಎರಡು ಗಂಟೆ ಮಾತ್ರ. ಅದರಲ್ಲೂ ಬಹುಪಾಲು ಅವನದೇ ಮುಖ. ಇಂಥ ಕಡೆ ಒಬ್ಬ ಮೇಷ್ಟ್ರು ನಾಟಕ ಬರೆದು, ಟೈಪ್ ಮಾಡಿ, ಕೈಯಿಂದ ಕೈಗೆ ದಾಟಿಸುವುದು ಸಣ್ಣ ಕೆಲಸ ಅಲ್ಲ.

ಆ ಕಾಲದ್ದೇ ಒಂದು ಕವಿತೆ 'ಹಡಗು'. ಹಡಗು ನಿಧಾನವಾಗಿ ಮುಳುಗುತ್ತಿದೆ. ಒಳಗಿರುವವರು, ಮುಳುಗಿದರೇನಂತೆ, ಎಲ್ಲ ಹಡಗೂ ಒಂದು ದಿನ ಮುಳುಗುತ್ತದೆ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದಾರೆ. ಯಾರ ಹೆಸರೂ ಇಲ್ಲ, ಯಾವ ದೇಶವೂ ಇಲ್ಲ. ರುಮೇನಿಯಾದವರಿಗೆ ಅದು ಯಾವ ಹಡಗು ಎಂದು ವಿವರಿಸಬೇಕಾಗಿರಲಿಲ್ಲ.

1987ರಲ್ಲಿ ಕೊನೆಗೂ ಒಂದು ನಾಟಕ ರಂಗಕ್ಕೆ ಬರುವುದರಲ್ಲಿತ್ತು. 'ಕಿಟಕಿಯ ಬಳಿ ಕುದುರೆಗಳು', ಬುಕಾರೆಸ್ಟಿನ ನೊತ್ತಾರ ರಂಗಮಂದಿರದಲ್ಲಿ. ಯುದ್ಧಕ್ಕೆ ಹೋದವನ ಸುದ್ದಿ ಹೊತ್ತು ಒಬ್ಬ ದೂತ ಬರುತ್ತಾನೆ. ಒಮ್ಮೆ ತಾಯಿಯ ಮನೆಗೆ, ಒಮ್ಮೆ ಮಗಳ ಮನೆಗೆ, ಒಮ್ಮೆ ಹೆಂಡತಿಯ ಮನೆಗೆ. ಸುದ್ದಿಯಲ್ಲಿ ವೀರತನ ಎನ್ನುವುದು ಎಲ್ಲೂ ಇಲ್ಲ. ತೆರೆ ಏಳುವ ಮೊದಲೇ ನಿಷೇಧ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂದು ಸಾಹಿತ್ಯ ಸಂಸ್ಥೆಯ ಆಹ್ವಾನದ ಮೇಲೆ ವಿಶ್ನಿಯೆಕ್ ಫ್ರಾನ್ಸಿಗೆ ಹೋದರು. ಅಲ್ಲೇ ರಾಜಕೀಯ ಆಶ್ರಯ ಕೇಳಿದರು. ವಯಸ್ಸು 31. ಎರಡು ವರ್ಷದಲ್ಲಿ ಚೌಶೆಸ್ಕು ಉರುಳುತ್ತಾನೆ ಎಂದು ಆಗ ಯಾರಿಗೆ ಗೊತ್ತಿತ್ತು?

ಪ್ಯಾರಿಸ್ಸಿಗೆ ಬಂದ ರುಮೇನಿಯಾದವರ ಸಾಲು ದೊಡ್ಡದು. ಕವಿ ತ್ರಿಸ್ತಾನ್ ತ್ಸಾರಾ, ಅಸಂಗತ ನಾಟಕಗಳ ಅಯೊನೆಸ್ಕೊ, ಚಿಂತಕ ಚೋರಾನ್. ವಿಶ್ನಿಯೆಕ್ ಅವರನ್ನು ಅಯೊನೆಸ್ಕೊ ಅವರ ಉತ್ತರಾಧಿಕಾರಿ ಎಂದು ಕರೆಯುವುದು ರೂಢಿ. ನನಗೆ ಅದು ಅರ್ಧ ಮಾತ್ರ ಸರಿ ಎನ್ನಿಸುತ್ತದೆ. ಅಸಂಗತದ ಕಸುಬು ಅಲ್ಲಿಂದ ಬಂದಿರಬಹುದು. ಆದರೆ ವಿಶ್ನಿಯೆಕ್ ಅವರ ಇನ್ನೊಂದು ಗುರು ರೇಡಿಯೋ. 1988–89ರಲ್ಲಿ ಲಂಡನ್ನಿನ ಬಿಬಿಸಿಯ ರುಮೇನಿಯನ್ ವಿಭಾಗದಲ್ಲಿ ಕೆಲಸ ಮಾಡಿದರು. 1990ರಲ್ಲಿ ರೇಡಿಯೋ ಫ್ರಾನ್ಸ್ ಇಂಟರ್‌ನ್ಯಾಷನಲ್‌ಗೆ ಪತ್ರಕರ್ತರಾಗಿ ಸೇರಿದರು. 1993ರಲ್ಲಿ ಫ್ರಾನ್ಸಿನ ಪೌರತ್ವ. ದಿನಾ ಯುದ್ಧ, ಸಾವು, ಗುಳೆ ಹೊರಟವರ ಸುದ್ದಿ ಬರೆದು ಓದುವ ಕೆಲಸ. ಸುದ್ದಿಯಲ್ಲಿ ಸತ್ತವರ ಸಂಖ್ಯೆ ಇರುತ್ತದೆ, ಮುಖ ಇರುವುದಿಲ್ಲ. ಆ ಮುಖವನ್ನು ನಾಟಕದಲ್ಲಿ ವಾಪಸ್ ಕೊಡುವುದು ಈ ಮನುಷ್ಯನ ಇಡೀ ಬದುಕಿನ ಕೆಲಸ ಎಂದು ನನ್ನ ಓದು. ಅಯೊನೆಸ್ಕೊ ಕೈಲಿ ಸುದ್ದಿಯ ಹಾಳೆ ಇರಲಿಲ್ಲ.

ಈಗ ಸಂಪುಟದ ಮುಖ್ಯ ನಾಟಕಕ್ಕೆ ಬರುತ್ತೇನೆ. 1953, ಮಾಸ್ಕೋ, ಸ್ಟಾಲಿನ್ ಸಾಯುವುದಕ್ಕೆ ಕೆಲವು ವಾರ ಮೊದಲು. ಒಂದು ದೊಡ್ಡ ಮಾನಸಿಕ ಆಸ್ಪತ್ರೆ. ಯೂರಿ ಪೆತ್ರೊವ್ಸ್ಕಿ ಎಂಬ ಲೇಖಕನನ್ನು ಲೇಖಕರ ಒಕ್ಕೂಟ ಅಲ್ಲಿಗೆ ಕಳಿಸುತ್ತದೆ. ಕೆಲಸ ಏನೆಂದರೆ, ಕಮ್ಯುನಿಸಂ ಮತ್ತು ಅಕ್ಟೋಬರ್ ಕ್ರಾಂತಿಯ ಇತಿಹಾಸವನ್ನು ರೋಗಿಗಳಿಗೆ ಅರ್ಥವಾಗುವ ಹಾಗೆ ಬರೆಯಬೇಕು. ಸೌಮ್ಯ ರೋಗಿಗಳಿಗೆ ಒಂದು ಥರ, ತೀವ್ರ ರೋಗಿಗಳಿಗೆ ಇನ್ನೊಂದು ಥರ. ಇತಿಹಾಸ ಕೇಳಿದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಆಸ್ಪತ್ರೆಯ ನಿರ್ದೇಶಕ ಮನಸಾರೆ ನಂಬಿದ್ದಾನೆ.

ನಾಟಕದ ಜೀವ ಇರುವುದು ಈ ನಂಬಿಕೆಯಲ್ಲಿ. ಇದನ್ನು ಕೆಟ್ಟವರ ಕಥೆಯಾಗಿ ಬರೆಯುವುದು ಸುಲಭವಿತ್ತು. ವಿಶ್ನಿಯೆಕ್ ಹಾಗೆ ಬರೆದಿಲ್ಲ. ಎಲ್ಲರೂ ನಂಬಿದವರು. ಕಾತ್ಯಾ ಎಂಬ ಹೆಂಗಸು ಸ್ಟಾಲಿನ್ನನನ್ನು ಪ್ರೀತಿಸುತ್ತಾಳೆ. ದೇವರನ್ನು ಪ್ರೀತಿಸಿದಂತೆ ಅಲ್ಲ, ಗಂಡಸನ್ನು ಪ್ರೀತಿಸಿದಂತೆ. ಯೂರಿ ಅವನನ್ನು ಕಣ್ಣಾರೆ ಕಂಡಿದ್ದಾನಾ ಎನ್ನುವುದು ಅವಳಿಗೆ ಎಲ್ಲಕ್ಕಿಂತ ಮುಖ್ಯ. ನಾವು ಗಟ್ಟಿಯಾಗಿ ಓದುವಾಗ ಆ ಪಾತ್ರ ಓದಿದ ಹುಡುಗಿ ಮೊದಲು ಅದನ್ನು ನಗೆಯ ಪಾತ್ರ ಎಂದುಕೊಂಡಳು. ಎರಡು ಪುಟ ಓದುವಷ್ಟರಲ್ಲಿ ಅವಳ ದನಿ ತಾನಾಗಿ ಇಳಿಯಿತು. ಅಲ್ಲಿ ನಗುವುದಕ್ಕೆ ಏನೂ ಇಲ್ಲ, ಅವಳು ನಿಜವಾಗಿ ಪ್ರೀತಿಸುತ್ತಿದ್ದಾಳೆ ಅಲ್ವಾ ಮೇಡಂ ಎಂದಳು. ಅದೇ ಸರಿಯಾದ ಓದು.

ಯೂರಿಯ ಮೊದಲ ಪಾಠದ ದೃಶ್ಯ ಇನ್ನೊಂದು. ರೋಗಿಗಳ ಮುಂದೆ ನಿಂತು ಯುಟೋಪಿಯಾ (ಕೊರತೆಯೇ ಇಲ್ಲದ ಆದರ್ಶ ಸಮಾಜದ ಕನಸು) ಅಂದರೇನು ಎಂದು ಹೇಳಬೇಕು. ಅವನು ಹೊಲಸಿನ ಉದಾಹರಣೆ ಹಿಡಿಯುತ್ತಾನೆ. ಹೊಲಸಿನಲ್ಲಿ ಸಿಕ್ಕಿಕೊಂಡವನಿಗೆ ಹೊರಗೆ ಬರಬೇಕು ಅನ್ನಿಸುವುದು, ಅದೇ ಯುಟೋಪಿಯಾದ ಶುರು. ಮಾತು ಒರಟು. ರೋಗಿಗಳಿಗೆ ಮಾತ್ರ ತಕ್ಷಣ ಅರ್ಥವಾಗುತ್ತದೆ. ಕಷ್ಟದಲ್ಲಿರುವ ಮನುಷ್ಯನ ನ್ಯಾಯವಾದ ಆಸೆಯಿಂದಲೇ ಆ ಕನಸು ಹುಟ್ಟಿತು ಎನ್ನುವುದನ್ನು ವಿಶ್ನಿಯೆಕ್ ಮುಚ್ಚಿಡುವುದಿಲ್ಲ. ಆ ಕನಸಿನ ಹೆಸರಲ್ಲಿ ಏನಾಯಿತು ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಎಡದವರು, ಬಲದವರು ಇಬ್ಬರೂ ಈ ದೃಶ್ಯವನ್ನು ಓದಬೇಕು. ಪಾಠ ಮಾಡುವವಳಾಗಿ ಹೇಳುತ್ತೇನೆ, ಕ್ರಾಂತಿಯ ಅಧ್ಯಾಯವನ್ನು ಮಕ್ಕಳಿಗೆ ಇಷ್ಟು ಪ್ರಾಮಾಣಿಕವಾಗಿ ವಿವರಿಸುವ ದಾರಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಉದಾಹರಣೆಯನ್ನು ಮಾತ್ರ ತರಗತಿಗೆ ತಕ್ಕಂತೆ ಬದಲಿಸಬೇಕು.

1953ರ ಮಾರ್ಚ್ 5ಕ್ಕೆ ಸ್ಟಾಲಿನ್ ಸತ್ತದ್ದು ಎಲ್ಲರಿಗೂ ಗೊತ್ತು. ನಾಟಕ ಆ ದಿನದ ಕಡೆಗೇ ಸಾಗುತ್ತದೆ. ಕೊನೆಯನ್ನು ನಾನು ಇಲ್ಲಿ ಹೇಳುವುದಿಲ್ಲ, ಓದಿ ತಿಳಿಯಿರಿ. ಜೆರೆಮಿ ಲಾರೆನ್ಸ್ ಅವರ ಇಂಗ್ಲಿಷ್ ಅನುವಾದ ಬಾಯಿಗೆ ಸರಾಗ. ಗಟ್ಟಿಯಾಗಿ ಓದುವಾಗ ಉಸಿರು ಎಲ್ಲೂ ತಡವರಿಸಲಿಲ್ಲ. ನಾಟಕದ ಅನುವಾದಕ್ಕೆ ನಾನು ಇಡುವ ಪರೀಕ್ಷೆ ಇದೊಂದೇ.

ವಿಶ್ನಿಯೆಕ್ ಅವರ ಇನ್ನೊಂದು ನಾಟಕದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬೋಸ್ನಿಯಾ ಯುದ್ಧದಲ್ಲಿ ಹೆಣ್ಣಿನ ದೇಹವೇ ರಣರಂಗವಾದದ್ದರ ಕುರಿತು 1997ರಲ್ಲಿ ಬಂದದ್ದು. ಆಲಿಸನ್ ಸಿಂಕ್ಲೇರ್ ಇಂಗ್ಲಿಷಿಗೆ ತಂದಿದ್ದಾರೆ. ಇಬ್ಬರೇ ಹೆಂಗಸರು. ದೋರಾ, ಅತ್ಯಾಚಾರಕ್ಕೆ ಗುರಿಯಾಗಿ ಬಸುರಿಯಾದವಳು. ಕೇಟ್, ಸಾಮೂಹಿಕ ಗೋರಿಗಳನ್ನು ತೆಗೆಯುವ ತಂಡದ ಜೊತೆ ಬಂದ ಅಮೆರಿಕದ ಮನಶ್ಶಾಸ್ತ್ರಜ್ಞೆ. ಜರ್ಮನಿಯ ಒಂದು ಆಸ್ಪತ್ರೆ. ದೋರಾ ಮೊದಲು ಮಾತೇ ಆಡುವುದಿಲ್ಲ. ಆಮೇಲೆ ಕುಡಿಯುತ್ತಾ ಬಾಲ್ಕನ್ ಗಂಡಸರು ಒಬ್ಬರ ಬಗ್ಗೆ ಒಬ್ಬರು ಆಡುವ ಮಾತನ್ನು ಅಣಕಿಸುತ್ತಾಳೆ. ಪಕ್ಕದ ಜನಾಂಗ ತುಂಬಾ ಒಳ್ಳೆಯದು, ಆದರೆ... ಆ 'ಆದರೆ'ಯ ಹಿಂದೆ ವಿಷ ಬರುತ್ತದೆ. ಜಿಪ್ಸಿಗಳಾದ ಮೇಲೆ ಯಹೂದಿಗಳು, ಆಮೇಲೆ ಇನ್ನೊಬ್ಬರು. ಊಟದ ಮೇಜಿನ ಈ ಮಾತುಗಳಿಂದ ಯುದ್ಧದವರೆಗೆ ಎಷ್ಟು ಹತ್ತಿರ ಎಂದು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ ಎಂದು ನನ್ನ ನಂಬಿಕೆ.

ಈ ನಾಟಕ ಬಂದ ನಾಲ್ಕು ವರ್ಷದ ನಂತರ, 2001ರ ಫೆಬ್ರವರಿಯಲ್ಲಿ, ಬೋಸ್ನಿಯಾದ ಫೋಚಾ ಊರಿನ ಮೊಕದ್ದಮೆಯಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅತ್ಯಾಚಾರವನ್ನು ಮನುಕುಲದ ಮೇಲಿನ ಅಪರಾಧ ಎಂದು ತೀರ್ಪು ಕೊಟ್ಟು ಶಿಕ್ಷೆ ವಿಧಿಸಿತು. ನ್ಯಾಯಾಲಯದ ತೀರ್ಪು ಬರುವ ಮೊದಲೇ ರಂಗದ ಮೇಲೆ ಆ ಮಾತು ಆಗಿಹೋಗಿತ್ತು. ಸಣ್ಣ ತಂಡಗಳಿಗೆ ಇದು ಹೇಳಿ ಮಾಡಿಸಿದ ನಾಟಕ: ಇಬ್ಬರು ನಟಿಯರು, ಒಂದು ಹಾಸಿಗೆ, ಒಂದು ಕುರ್ಚಿ. ಆದರೆ ನಟಿಯರು ಗಟ್ಟಿಗರಾಗಿರಬೇಕು, ನಿರ್ದೇಶಕರು ಅವರ ಮನಸ್ಸಿನ ಬಗ್ಗೆ ಎಚ್ಚರ ಇಟ್ಟುಕೊಳ್ಳಬೇಕು. ತಾಲೀಮಿನ ಕೊನೆಗೆ ಹತ್ತು ನಿಮಿಷ ಸುಮ್ನೆ ಕೂತು ಮಾತಾಡದೆ ಯಾರನ್ನೂ ಮನೆಗೆ ಕಳಿಸಬಾರದು.

ಕಾದಂಬರಿಯ ಬಗ್ಗೆ ಕಡಿಮೆ ಹೇಳುತ್ತೇನೆ. 'ಮಿಸ್ಟರ್ ಕೆ ರಿಲೀಸ್ಡ್' ಕಾಫ್ಕಾನ ಪ್ರಸಿದ್ಧ ಕಾದಂಬರಿ 'ದ ಟ್ರಯಲ್'ನ ಕಥೆಯನ್ನು ಮಗುಚಿ ಹಾಕುತ್ತದೆ. ಅಲ್ಲಿ ಯೋಸೆಫ್ ಕೆ.ಯನ್ನು ಒಂದು ಬೆಳಿಗ್ಗೆ ಕಾರಣವಿಲ್ಲದೆ ಬಂಧಿಸುತ್ತಾರೆ. ಇಲ್ಲಿ ಕೋಸೆಫ್ ಜೆ.ಯನ್ನು ಒಂದು ಬೆಳಿಗ್ಗೆ ಕಾರಣವಿಲ್ಲದೆ ಬಿಡುಗಡೆ ಮಾಡುತ್ತಾರೆ. ಕಾವಲುಗಾರರು ದಿಢೀರನೆ ಮರ್ಯಾದೆ ಕೊಡುತ್ತಾರೆ. ಅವನಿಗೆ ಅದೇ ಹೆದರಿಕೆ. ಯಾರಾದರೂ ಬಂದು ವಿವರಣೆ ಕೊಡಲಿ ಎಂದು ಕಾಯುತ್ತಾನೆ, ತನ್ನ ಕೋಣೆಯ ಹತ್ತಿರವೇ ಸುಳಿದಾಡುತ್ತಾನೆ. ದೇಶ ಬಿಟ್ಟ ಹೊಸದರಲ್ಲಿ, 1988ರಲ್ಲಿ ಬರೆದದ್ದು. ರುಮೇನಿಯನ್ ಭಾಷೆಯಲ್ಲಿ ಪುಸ್ತಕವಾದದ್ದು 2010ರಲ್ಲಿ. ಆಶ್ರಯ ಪಡೆದ ಮನುಷ್ಯ ಬರೆದದ್ದು ಎಂದು ನೆನಪಿಟ್ಟು ಓದಿದರೆ ಮನಸ್ಸಿಗೆ ತಾಗುತ್ತದೆ. ಮೊದಲ ಅರ್ಧ ಅದ್ಭುತ. ಆಮೇಲೆ ಅದೇ ಸ್ಥಿತಿ ತಿರುಗಿ ತಿರುಗಿ ಬರುತ್ತದೆ, ಎಳೆದಂತೆ ಅನ್ನಿಸಿತು. ನಾಟಕಕಾರನಾಗಿ ಒಂದು ದೃಶ್ಯವನ್ನು ಎಲ್ಲಿ ನಿಲ್ಲಿಸಬೇಕೆಂದು ಚೆನ್ನಾಗಿ ಗೊತ್ತಿರುವವರು ಕಾದಂಬರಿಯಲ್ಲಿ ಆ ಕತ್ತರಿ ಹಿಡಿದಿಲ್ಲ.

ದೂರುಗಳೂ ಇವೆ. ಎರಡೂ ಪುಸ್ತಕದಲ್ಲಿ ಕವಿತೆ ಇಲ್ಲ. ಮೂವತ್ತು ವರ್ಷ ತುಂಬುವ ಮೊದಲೇ ಮೂರು ಸಂಕಲನ ತಂದವರ ಬಗ್ಗೆ ಇಂಗ್ಲಿಷ್ ಓದುಗರಿಗೆ ಸಿಗುವುದು ಅರ್ಧ ಚಿತ್ರ. ಸಂಪುಟದ ಜೊತೆಗೆ ಹತ್ತು ಕವಿತೆ ಸೇರಿಸಿದ್ದರೂ ಸಾಕಿತ್ತು. 'ಹಡಗು' ಅಲ್ಲಿ ಇರಲೇಬೇಕಿತ್ತು. ಯಾಕೆಂದರೆ ವಿಶ್ನಿಯೆಕ್ 2016ರಲ್ಲಿ 'ಮಿಗ್ರಾಆಆಂಟ್ಸ್' ಎಂಬ ನಾಟಕ ಬರೆದರು, ಯುರೋಪಿಗೆ ದೋಣಿಯಲ್ಲಿ ಬರುವ ವಲಸಿಗರ ಬಗ್ಗೆ. ಈ ದರಿದ್ರ ದೋಣಿಯಲ್ಲಿ ನಾವು ಜಾಸ್ತಿ ಜನ ಆಗಿದ್ದೇವೆ ಎಂಬರ್ಥದ ಉಪಶೀರ್ಷಿಕೆ ಅದಕ್ಕಿದೆ. ಆ ಕವಿತೆಯನ್ನೂ ಈ ನಾಟಕವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಬ್ಬ ಲೇಖಕನ ಮೂವತ್ತು ವರ್ಷ ಕಣ್ಣೆದುರು ನಿಲ್ಲುತ್ತದೆ. ಮೊದಲನೆಯದರಲ್ಲಿ ಮುಳುಗುವ ಹಡಗಿನಿಂದ ಯಾರೂ ಇಳಿಯುತ್ತಿಲ್ಲ. ಎರಡನೆಯದರಲ್ಲಿ ಜೀವ ಉಳಿಸಿಕೊಳ್ಳಲು ಜನ ದೋಣಿ ಹತ್ತಿದ್ದಾರೆ. ತಾನೇ ವಲಸೆ ಬಂದವನಾಗಿದ್ದರಿಂದ ಆ ದೋಣಿಯನ್ನು ದಡದಲ್ಲಿ ನಿಂತು ನೋಡಲು ಅವರಿಗೆ ಆಗಲಿಲ್ಲ.

ಇನ್ನೊಂದು ದೂರು ಪುಸ್ತಕದ್ದಲ್ಲ, ತರಿಸಿದ ದಾರಿಯದು. ಆನ್‌ಲೈನ್ ಮಾರಾಟಗಾರರು ತೆಳು ಕವರಿನಲ್ಲಿ ಹಾಕಿ ಕಳಿಸಿದ್ದರು, ಸಂಪುಟದ ಮೂಲೆ ಮಡಚಿ ಬಂತು. ಬದಲಿಸಿ ಕೊಡಿ ಎಂದು ಬರೆದದ್ದಕ್ಕೆ ಉತ್ತರ ಬರಲಿಲ್ಲ. ನಿಮ್ಮ ಊರಿನ ಪುಸ್ತಕದಂಗಡಿಯವರಿಗೆ ಹೇಳಿ ತರಿಸಿದರೆ ಒಳ್ಳೆಯದು. ಬೆಲೆ ನಮ್ಮ ಕನ್ನಡ ನಾಟಕ ಪುಸ್ತಕಗಳಿಗೆ ಹೋಲಿಸಿದರೆ ಜಾಸ್ತಿ. ತಂಡದವರೆಲ್ಲ ದುಡ್ಡು ಹಾಕಿ ಒಂದು ಪ್ರತಿ ಕೊಂಡರೆ ಯಾರಿಗೂ ಭಾರವಾಗುವುದಿಲ್ಲ, ಹೇಗೂ ಒಟ್ಟಿಗೆ ಓದಬೇಕಾದ ಪುಸ್ತಕ ಇದು.

ರುಮೇನಿಯಾ 1989ರ ಡಿಸೆಂಬರಿನಲ್ಲಿ ಬದಲಾಯಿತು. ನಿಷೇಧವಾಗಿದ್ದ ನಾಟಕಗಳನ್ನು ಆಮೇಲೆ ಅದೇ ದೇಶ ಮುಗಿಬಿದ್ದು ಆಡಿತು. 2016ರಲ್ಲಿ, ಹುಟ್ಟೂರಿಗೆ ಹತ್ತಿರದ ಸುಚಾವ ನಗರದ ಪುರಸಭೆ ರಂಗಮಂದಿರಕ್ಕೆ ವಿಶ್ನಿಯೆಕ್ ಅವರ ಹೆಸರನ್ನೇ ಇಟ್ಟರು. ಫ್ರಾನ್ಸಿನ ಅವಿನ್ಯೋಂ ಉತ್ಸವದಲ್ಲಿ ಅವರ ನಾಟಕ ಹಾಕುವ ತಂಡಗಳು ವರ್ಷ ವರ್ಷವೂ ಇರುತ್ತವೆ. ಹೆಚ್ಚಿನ ನಾಟಕಗಳನ್ನು ಅವರು ಫ್ರೆಂಚಿನಲ್ಲೇ ಬರೆಯುತ್ತಾರೆ. ಕವಿತೆ ಮಾತ್ರ ರುಮೇನಿಯನ್‌ನಲ್ಲಿ.

ಆಡುವ ಯೋಚನೆ ಇರುವವರು ಮೊದಲು ಹಕ್ಕಿನ ಅನುಮತಿ ಕೇಳಿ. ಫ್ರಾನ್ಸಿನಲ್ಲಿ ನಾಟಕಕಾರರ ಹಕ್ಕು ಕಾಯುವ ಸಂಘ ಎಸ್‌ಎಸಿಡಿ ಪ್ಯಾರಿಸ್ಸಿನಲ್ಲಿದೆ. 1777ರಲ್ಲಿ ನಾಟಕಕಾರ ಬೊಮಾರ್ಶೇ ಹುಟ್ಟುಹಾಕಿದ್ದು. 2009ರಲ್ಲಿ ವಿಶ್ನಿಯೆಕ್ ಅವರಿಗೆ ತನ್ನ ಯುರೋಪಿಯನ್ ಬಹುಮಾನ ಕೊಟ್ಟದ್ದೂ ಇದೇ ಸಂಘ. ಸಣ್ಣ ತಂಡ, ಟಿಕೆಟ್ ಇಲ್ಲ, ಯಾರಿಗೆ ತಿಳಿಯುತ್ತದೆ ಎಂದು ಸುಮ್ಮನಾಗಬೇಡಿ. ಬರವಣಿಗೆಗಾಗಿ ದೇಶವನ್ನೇ ಬಿಟ್ಟವರ ನಾಟಕ ಅದು, ಕೇಳಿಯೇ ಆಡೋಣ. ನಮ್ಮ ತಂಡ ಬೋಸ್ನಿಯಾದ ನಾಟಕಕ್ಕೆ ಪತ್ರ ಬರೆಯುತ್ತಿದೆ. ದೋರಾ ಪಾತ್ರಕ್ಕೆ ಆಗಲೇ ಇಬ್ಬರು ಕೈ ಎತ್ತಿದ್ದಾರೆ.